ಮುಟ್ಟಿ ಹೋಗು

ನಮ್ಮ ಕಡೆ ಯಾರದಾದರೂ ಮನೆಗೆ ಹೋದಾಗ ತಿನ್ನಲು ಕೊಟ್ಟದ್ದನ್ನು ಬೇಡ ಅನ್ನಬಹುದು, ಆದರೆ ಮುಟ್ಟದೆ ಏಳುವಂತಿಲ್ಲ. ಹೊಟ್ಟೆ ತುಂಬಿದ್ದರೆ ತಿಂಡಿಗೆ ಬೆರಳು ತಾಗಿಸಿ, ಆ ಬೆರಳನ್ನು ತುಟಿಗೆ ಒತ್ತಿಕೊಂಡು ಹೊರಡಬೇಕು. ಹಾಗೆ ಮಾಡದೆ ಹೋದವನಿಗೆ ದಾರಿಯಲ್ಲಿ ಕೇಡು ಕಾದಿರುತ್ತದೆ. ಹಾವು ಕಚ್ಚಬಹುದು, ಮೊಸಳೆ ಹಿಡಿಯಬಹುದು, ಏನೂ ಇಲ್ಲದಿದ್ದರೆ ಸ್ವಂತ ಮನೆಯ ಮೆಟ್ಟಿಲಲ್ಲೇ ಜಾರಿ ಬೀಳಬಹುದು. ಇದಕ್ಕೆ ಕೆಂಪುನಾನ್ ಅನ್ನುತ್ತೇವೆ. ಆಸೆಪಟ್ಟೂ ತಿನ್ನದೆ ಉಳಿದ ತಿಂಡಿಗೂ ಇದೇ ಕಾನೂನು. ನಾನು ಇದನ್ನೆಲ್ಲ ನಂಬುವುದಿಲ್ಲ ಅಂತ ಎದೆ ತಟ್ಟಿಕೊಂಡು ಹೇಳುತ್ತೇನೆ. ಆದರೆ ಇವತ್ತಿನವರೆಗೆ ಮುಟ್ಟದೆ ಯಾರ ಮನೆಯ ಹೊಸಿಲೂ ದಾಟಿಲ್ಲ.

ಅದಕ್ಕೆ ಕಾರಣ ನನ್ನ ಅಮ್ಮ. ಕೇರಿಯವರೆಲ್ಲ ಪಿಯಾ ಅಜ್ಜಿ ಅನ್ನುವ ಈ ಹೆಂಗಸೇ ಈ ಕಾನೂನಿಗೆ ಪೊಲೀಸು, ಜಡ್ಜು ಎರಡೂ. ನನ್ನ ಅಪ್ಪ ಕುಚಿಂಗ್ ಪೇಟೆಗೂ ಹೊಳೆಯ ಈಚೆಗಿನ ನಮ್ಮ ಕೇರಿಗೂ ನಡುವೆ ಜನರನ್ನು ದೋಣಿಯಲ್ಲಿ ದಾಟಿಸುತ್ತಿದ್ದರು. ಒಂದು ಬೆಳಿಗ್ಗೆ ಅಮ್ಮ ಬೇಯಿಸಿದ ಬಾಳೆಹಣ್ಣನ್ನು ತಟ್ಟೆಯಲ್ಲಿ ತಂದಿಟ್ಟಳು. ಅಷ್ಟರಲ್ಲಿ ಆಚೆ ದಡದಿಂದ ಯಾರೋ ಕೂಗಿದರು. ಅಪ್ಪ ಹಾಗೇ ಎದ್ದು ಹೋದರು. ಅವತ್ತು ಮೇಲಿನಿಂದ ಕೆಂಪು ನೀರು ನುಗ್ಗಿ ದೋಣಿ ಮಗುಚಿತು. ದೋಣಿ ಸಂಜೆಗೇ ಸಿಕ್ಕಿತು, ಅಪ್ಪ ಮಾರನೆಯ ದಿನ ಸಿಕ್ಕರು.

ಆಮೇಲಿನಿಂದ ಅಮ್ಮ ದಿನಾ ಬೆಳಿಗ್ಗೆ ಬಾಳೆಹಣ್ಣು ಬೇಯಿಸುತ್ತಾಳೆ. ಸಿಪ್ಪೆ ಸಮೇತ ಬೇಯಿಸಿ, ಬಿಸಿ ಆರುವ ಮೊದಲೇ ಬಾಗಿಲ ಬಳಿ ತಂದಿಟ್ಟು ಕೂರುತ್ತಾಳೆ. ಮನೆ ಬಿಡುವವರೆಲ್ಲ ತಿನ್ನಬೇಕು, ಇಲ್ಲವೇ ಮುಟ್ಟಿಯಾದರೂ ಹೋಗಬೇಕು. ತಾನು ಮಾತ್ರ ತಿನ್ನುವುದಿಲ್ಲ. ಕೇಳಿದರೆ, "ನಂಗದು ಸೇರಲ್ಲ" ಅನ್ನುತ್ತಾಳೆ. ಈಗ ಅದೇ ಹೊಳೆಯಲ್ಲಿ ದೋಣಿ ಬಿಡುವವನು ನಾನು. ಹಗ್ಗ ಬಿಚ್ಚಿ ಆದಮೇಲೂ ಅಮ್ಮ ತಟ್ಟೆ ಹಿಡಿದು ಓಡಿಬಂದು, "ಕಿಪ್ಲೀ, ಮುಟ್ಟಿ ಹೋಗೋ!" ಎಂದು ಊರಿಗೆಲ್ಲ ಕೇಳುವಂತೆ ಕೂಗಿದ್ದುಂಟು. ಐವತ್ತು ದಾಟಿದ ಗಂಡಸು ನಾನು. ದೋಣಿಯಲ್ಲಿ ಕೂತ ಕಾಲೇಜು ಹುಡುಗಿಯರು ಮುಸಿಮುಸಿ ನಗುತ್ತಿರುತ್ತಾರೆ.

ಇಂಥ ಮನೆಗೆ ಸೊಸೆಯಾಗಿ ಬಂದವಳು ಹಮ್ಸಿಯಾ. ಪದರದ ಕೇಕು ಮಾಡುವುದರಲ್ಲಿ ಅವಳನ್ನು ಮೀರಿಸುವವರು ಈ ದಡದಲ್ಲಿ ಇಲ್ಲ. ಹೆಂಡತಿ ಅಂತ ಹೇಳುತ್ತಿಲ್ಲ, ನಿಜಕ್ಕೂ ಇಲ್ಲ. ಬೆಣ್ಣೆ, ಮೊಟ್ಟೆಯ ಹಳದಿ, ಗಟ್ಟಿ ಹಾಲು ಕಲಸಿದ ಹಿಟ್ಟನ್ನು ಒಂದು ಸೌಟು ಹೊಯ್ದು ಮೇಲಿನ ಉರಿಯಲ್ಲಿ ಕೆಂಪಗೆ ಸುಡಬೇಕು. ಒತ್ತಿ ಸಮ ಮಾಡಿ, ಮತ್ತೊಂದು ಸೌಟು ಹೊಯ್ದು, ಮತ್ತೆ ಸುಡಬೇಕು. ಹೀಗೆ ಒಂದರ ಮೇಲೊಂದು ಪದರ ಏರುತ್ತಾ ಅರ್ಧ ದಿನ ಓವನ್ನಿನ ಮುಂದೆ ಕುಕ್ಕರಗಾಲಲ್ಲಿ ಕೂರುವ ಕೆಲಸ. ರಂಜಾನ್ ಉಪವಾಸ ಮುಗಿದು ರಾಯ ಹಬ್ಬ ಬಂತೆಂದರೆ ಕೇರಿಯ ಪ್ರತಿ ಮನೆಯ ಮೇಜಿನ ಮೇಲೂ ಅವಳ ಕೇಕೇ ಇರಬೇಕು.

ಅತ್ತೆ ಸೊಸೆ ಜಗಳವಾಡಿದ್ದನ್ನು ನಾನು ನೋಡಿಲ್ಲ. ಅಕ್ಕಪಕ್ಕ ಕೂತು ನಕ್ಕದ್ದನ್ನೂ ನೋಡಿರಲಿಲ್ಲ. ಅಡುಗೆಮನೆಯಲ್ಲಿ ಒಲೆ ಅಮ್ಮನದು, ಓವನ್ನು ಹಮ್ಸಿಯಾಳದು. ಇಬ್ಬರೂ ಗಡಿ ದಾಟುತ್ತಿರಲಿಲ್ಲ.

ಹಮ್ಸಿಯಾಳಿಗೆ ಹೊಟ್ಟೆಯ ತೊಂದರೆ ಶುರುವಾಗಿ ಬಹಳ ಕಾಲವಾಗಿತ್ತು. ನೋವು, ಭೇದಿ, ಕೊನೆಕೊನೆಗೆ ರಕ್ತ. ಕರುಳಿನ ತುಂಬ ಹುಣ್ಣು ಅಂದರು. ಬಳೆಗಳು ಕೈಯಿಂದ ತಾವಾಗಿ ಉದುರುವಷ್ಟು ಸೊರಗಿದಳು. ಪೇಟೆಯ ಡಾಕ್ಟರಮ್ಮ ಔಷಧಿ ಬರೆದುಕೊಟ್ಟು, ಊಟದ ವಿಷಯವನ್ನು ಮಕ್ಕಳಿಗೆ ಹೇಳಿದ ಹಾಗೆ ಬಿಡಿಸಿ ಹೇಳಿದರು.

"ಇದನ್ನ ಒಂದು ಏಣಿ ಅಂದ್ಕೊಳ್ಳಿ. ಮೊದಲು ಸೋಸಿದ ಅಕ್ಕಿ ಗಂಜಿ ಅಷ್ಟೇ. ಹೊಟ್ಟೆ ಒಪ್ಪಿದ್ರೆ ಮೇಲಿನ ಮೆಟ್ಟಿಲು. ಒಂದು ಸಲಕ್ಕೆ ಒಂದೇ ಹೊಸ ಪದಾರ್ಥ. ತಿಂದು ಕೆಲವು ದಿನ ಕಾಯ್ಬೇಕು. ಹೊಟ್ಟೆ ಕೆಟ್ರೆ ಬೇಜಾರು ಮಾಡ್ಕೊಳ್ದೆ ಕೆಳಗಿಳೀಬೇಕು. ಎರಡೆರಡು ಮೆಟ್ಟಿಲು ಹಾರೋ ಹಾಗಿಲ್ಲ."

ಹಬ್ಬ ಕಳೆದ ಮೇಲೆ ಮತ್ತೆ ಒಳಗೆ ಕ್ಯಾಮೆರಾ ಬಿಟ್ಟು ನೋಡುತ್ತೇವೆ, ಅಷ್ಟರಲ್ಲಿ ಹುಣ್ಣು ಮಾಯದಿದ್ದರೆ ಕರುಳು ಕತ್ತರಿಸಿ, ಮಲ ಹೋಗಲು ಹೊಟ್ಟೆಗೆ ಚೀಲ ಕಟ್ಟಬೇಕಾಗುತ್ತದೆ ಎಂದೂ ಹೇಳಿದರು.

ವಾಪಸ್ ಬರುವಾಗ ದೋಣಿಯಲ್ಲಿ ಹಮ್ಸಿಯಾ ನೀರನ್ನೇ ನೋಡುತ್ತಾ ಕೂತಿದ್ದಳು. ಆಮೇಲೆ, "ರೀ, ಚೀಲ ಕಟ್ಕೊಂಡು ಎಷ್ಟೋ ಜನ ಆರಾಮಾಗಿದಾರಂತೆ. ಬೇಕೇ ಬೇಕು ಅಂದ್ರೆ ನಾನೂ ಇರ್ತೀನಿ. ಆದ್ರೆ ನಂಗೆ ಭಯ ಆಗತ್ತೆ ಕಣ್ರೀ" ಅಂದಳು. ನನಗೂ ಭಯವಾಗಿತ್ತು. ಎಂಜಿನ್ನಿಗೆ ಬೈದೆ.

ಗಂಜಿಯ ಸುದ್ದಿ ಕೇಳಿ ಅಮ್ಮ ತಲೆಯ ಮೇಲೆ ಕೈ ಹೊತ್ತಳು. "ಬರೀ ಗಂಜಿ ಅಂದ್ರೆ ಏನರ್ಥ? ಮನೆ ತುಂಬ ಅಡುಗೆ ವಾಸನೆ, ಅಕ್ಕಪಕ್ಕದೋರು ಕೊಡೋದು ಬೇರೆ. ಇವ್ಳು ಎಲ್ಲಾನೂ ನೋಡ್ತಾಳೆ, ಆಸೆಪಡ್ತಾಳೆ, ತಿನ್ನಲ್ಲ. ಹುಣ್ಣಿಂದ ಉಳಿದ್ರೂ ಕೆಂಪುನಾನ್‌ನಿಂದ ಉಳೀತಾಳಾ?"

"ತಿಂದ್ರೆ ಕರುಳು ಕತ್ತರಿಸ್ತಾರೆ, ಅಮ್ಮ."

"ತಿನ್ನದೆ ಹೋದ್ರೆ ಏನಾಗತ್ತೆ ಅಂತ ನಿಮ್ಮಪ್ಪನ್ನ ಕೇಳು."

ಹಮ್ಸಿಯಾ ತಾನೇ ಮುಂದೆ ಬಂದು, "ನಾನು ಎಲ್ಲಾನೂ ಮುಟ್ತೀನಿ ಅಮ್ಮ, ಒಂದನ್ನೂ ಬಿಡಲ್ಲ. ಗಂಜಿ ಮಾತ್ರ ಕುಡೀತೀನಿ" ಅಂದಳು. ಅಲ್ಲಿಗೆ ರಾಜಿಯಾಯಿತು. ಹಣ್ಣಿನ ಸರದಿ ಏಣಿಯಲ್ಲಿ ಬಹಳ ಮೇಲಿತ್ತು. ಆದರೂ ದಿನಾ ಬೆಳಿಗ್ಗೆ ಬೇಯಿಸಿದ ಬಾಳೆಹಣ್ಣು ಮೊದಲು ಹಮ್ಸಿಯಾಳ ಮುಂದೆ ಬರುತ್ತಿತ್ತು. ಅವಳು ಬೆರಳು ತಾಗಿಸಿ ತುಟಿಗೆ ಒತ್ತಿಕೊಂಡ ಮೇಲೆ ಅಮ್ಮ ತಟ್ಟೆಯನ್ನು ನನ್ನ ಕಡೆ ಸರಿಸುತ್ತಿದ್ದಳು.

ಗಂಜಿ ಕಾಯಿಸುವ ಕೆಲಸವನ್ನು ಅಮ್ಮನೇ ವಹಿಸಿಕೊಂಡಳು. ಒಲೆ ಅವಳದಲ್ಲವೇ. ಉಪ್ಪು ಬಿಟ್ಟು ಏನೂ ಹಾಕಬಾರದು ಅಂದರೆ ಅವಳ ಕೈ ಕೇಳಬೇಕಲ್ಲ. ಈರುಳ್ಳಿ ಬುಟ್ಟಿಯ ಕಡೆಗೆ ಹೋದ ಕೈಯನ್ನು ತಾನೇ ಬೈದುಕೊಂಡು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. "ಇದನ್ನ ಅಡುಗೆ ಅಂತಾರಾ? ಬಟ್ಟೆಗೆ ಹಾಕೋ ಗಂಜಿ ಇದಕ್ಕಿಂತ ರುಚಿ" ಅಂತ ಗೊಣಗುತ್ತಲೇ ತೆಳ್ಳನೆ ಬಟ್ಟೆಯಲ್ಲಿ ಸೋಸಿ, ಬಟ್ಟಲಲ್ಲಿ ಒಂದು ಅಗುಳೂ ಉಳಿಯದಂತೆ ಬೆಳಕಿಗೆ ಹಿಡಿದು ನೋಡಿ ಕೊಡುತ್ತಿದ್ದಳು.

ಗಂಜಿ ಒಗ್ಗಿತು. ರಕ್ತ ನಿಂತಿತು. ಮುಳ್ಳು ತೆಗೆದು ಆವಿಯಲ್ಲಿ ಬೇಯಿಸಿದ ಹೊಳೆ ಮೀನು ಒಗ್ಗಿತು. ನುಣ್ಣಗೆ ಅರೆದ ಸಿಹಿಗುಂಬಳವೂ ಒಗ್ಗಿತು. ಕುಂಬಳದ ಮೊದಲ ಚಮಚ ಬಾಯಿಗಿಟ್ಟಾಗ ಹಮ್ಸಿಯಾ ಕಣ್ಣು ಮುಚ್ಚಿಕೊಂಡು, "ಎಷ್ಟು ಸಿಹಿ ಇದೆ ರೀ, ಸಕ್ಕರೆ ಹಾಕಿದಾರೋ ಹೇಗೆ?" ಎಂದು ಕೇಳಿದಳು. ಅಮ್ಮ ಒಲೆಯ ಕಡೆ ತಿರುಗಿ ನಿಂತು ಸೌಟು ತೊಳೆಯತೊಡಗಿದಳು. ಆ ಸೌಟನ್ನು ಆಗಲೇ ಒಮ್ಮೆ ತೊಳೆದಾಗಿತ್ತು.

ಮೊಟ್ಟೆಯ ಮೆಟ್ಟಿಲಲ್ಲಿ ಎಡವಿದಳು. ಎರಡನೆಯ ದಿನಕ್ಕೇ ಹೊಟ್ಟೆ ಹಿಂಡಿತು, ರಕ್ತ ಮತ್ತೆ ಕಾಣಿಸಿತು. ಕೆಳಗಿಳಿದು ಗಂಜಿಗೆ ಬಂದಳು. ಸುಧಾರಿಸಿ ಮತ್ತೆ ಮೊಟ್ಟೆಗೆ ಹೋದಳು, ಮತ್ತೆ ಅದೇ ಕಥೆ. ಹಬ್ಬ ಹತ್ತಿರವಾಗುತ್ತಿತ್ತು. ನನಗೆ ರಂಜಾನಿನ ಚಂದ್ರ ಬೇಗ ಕಾಣಿಸದಿದ್ದರೆ ಸಾಕಪ್ಪ ಅನ್ನಿಸತೊಡಗಿತು. ಅಮ್ಮ ತಪ್ಪನ್ನು ಪಕ್ಕದ ಮನೆಯ ಮಸ್ನಾಳ ಕೋಳಿಯ ಮೇಲೆ ಹಾಕಿದಳು.

"ಮಸ್ನಾ ಮನೆ ಕೋಳಿ ಕಂಡಿದ್ದೆಲ್ಲ ತಿನ್ನತ್ತೆ. ಅದರ ಮೊಟ್ಟೆ ತಿಂದ್ರೆ ಯಾರ ಹೊಟ್ಟೆ ತಾನೆ ತಡೆಯತ್ತೆ? ಬೇರೆ ಕಡೆಯಿಂದ ತಾ, ಕಿಪ್ಲಿ."

ಹಿತ್ತಿಲ ಮೆಟ್ಟಿಲ ಮೇಲೆ ಹೊಟ್ಟೆ ಹಿಡಿದು ಕೂತಿದ್ದ ಹಮ್ಸಿಯಾ ತಲೆ ಎತ್ತದೆ, "ಕೋಳೀದೇನೂ ತಪ್ಪಿಲ್ಲ ಅಮ್ಮ" ಅಂದಳು.

"ಮತ್ತೆ ಯಾರದು?"

"ನನ್ನ ಬೆರಳಿಂದು."

ಆಮೇಲೆ ಹೇಳಿದಳು. ಮೊದಮೊದಲು ಬೆರಳು ತುಟಿಗಷ್ಟೇ ಹೋಗುತ್ತಿತ್ತಂತೆ. ಒಂದು ದಿನ ಮಸ್ನಾಳ ಮನೆಯ ಸಂಬಾಲ್ ಚಟ್ನಿಯ ಬಟ್ಟಲಿಗೆ ತಾಗಿಸಿದಾಗ, ಮೆಣಸಿನಕಾಯಿ ಸೀಗಡಿಯ ಆ ಘಾಟು ಮೂಗಿಗೆ ಹೊಡೆದು, ಬೆರಳು ತಾನಾಗೇ ಬಾಯೊಳಗೆ ಹೋಯಿತಂತೆ. ಆಮೇಲಿನಿಂದ ಎಲ್ಲಾ ಮನೆಯಲ್ಲೂ ಅದೇ. ತಾಗಿಸುವ ಬದಲು ಅದ್ದುತ್ತಿದ್ದಳು. ಒಂದು ಬೆರಳು ಹೋಗಿ ಎರಡಾದವು. ಕೇಕಿನ ಹಿಟ್ಟಿನ ಪಾತ್ರೆಯನ್ನೂ ಮುಟ್ಟಿದೆ ಅಂತ ನೆಪ ಮಾಡಿಕೊಂಡು ಅಂಚು ಸವರಿ ನೆಕ್ಕುತ್ತಿದ್ದಳು.

"ಏಣಿ ಹತ್ತೋದು ಒಂದು ಕಾಲಲ್ಲಿ, ಇನ್ನೊಂದು ಕಾಲಲ್ಲಿ ಹಾರ್ತಾ ಇದ್ದೆ" ಅಂದು ಅಳತೊಡಗಿದಳು. "ಮುಟ್ಟದೆ ಇದ್ರೆ ಕೇಡು. ಮುಟ್ಟಿದ್ರೆ ತಡ್ಕೊಳ್ಳೋಕೆ ಆಗಲ್ಲ. ನಾನೇನು ಮಾಡ್ಲಿ ಅಮ್ಮ?"

ನನಗೆ ಸಿಟ್ಟು ಬಂತು. ಹೆಂಡತಿಯ ಮೇಲಲ್ಲ, ಕೆಂಪುನಾನ್ ಮೇಲೆ. ಇವತ್ತು ಅಮ್ಮನಿಗೆ ಎದುರು ಮಾತಾಡಿಯೇ ಬಿಡುವುದೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅಮ್ಮ ಒಳಗೆ ಹೋಗಿ ಬೆಳಗಿನ ಬಾಳೆಹಣ್ಣಿನ ತಟ್ಟೆ ತಂದಳು. ಇದೇನಪ್ಪ, ಇಂಥ ಹೊತ್ತಲ್ಲೂ ಮುಟ್ಟಿಸುತ್ತಾಳಾ ಅಂದುಕೊಂಡೆ. ಅಮ್ಮ ಹಮ್ಸಿಯಾಳ ಪಕ್ಕ ಮೆಟ್ಟಿಲ ಮೇಲೆ ಕಷ್ಟಪಟ್ಟು ಕೂತಳು. ತನ್ನ ಬೆರಳನ್ನೇ ಹಣ್ಣಿಗೆ ತಾಗಿಸಿ, ಆ ಬೆರಳನ್ನು ಸೊಸೆಯ ಗಂಟಲಿಗೆ, ಕೊರಳ ಗುಳಿ ಇರುವ ಜಾಗಕ್ಕೆ, ಮೆತ್ತಗೆ ಒತ್ತಿದಳು.

"ಇನ್ಮೇಲೆ ನೀನು ಏನನ್ನೂ ಮುಟ್ಬೇಡ. ನಿನ್ನ ಪರವಾಗಿ ನಾನು ಮುಟ್ತೀನಿ."

"ಹಾಗೆ ಮಾಡ್ಬಹುದು ಅಂತ ಯಾರು ಹೇಳಿದ್ರು?" ಅಂದೆ ನಾನು.

"ನಾನು ಹೇಳ್ತಾ ಇದೀನಲ್ಲ, ಕಿವಿ ಕೇಳಿಸಲ್ವಾ?"

ಜಡ್ಜೇ ಕಾನೂನು ತಿದ್ದಿದ ಮೇಲೆ ಕೇಳುವವರಾರು. ಹಮ್ಸಿಯಾ ಅಳುವುದನ್ನು ನಿಲ್ಲಿಸಿ ಅಮ್ಮನ ಮುಖವನ್ನೇ ನೋಡುತ್ತಿದ್ದಳು. ಮದುವೆಯಾಗಿ ಇಷ್ಟು ವರ್ಷಕ್ಕೆ ಅತ್ತೆ ಅವಳನ್ನು ಮುಟ್ಟಿದ್ದು ಅದೇ ಮೊದಲಿರಬೇಕು.

ರಂಜಾನ್ ತಿಂಗಳು ಬಂತು. ಹಗಲು ಹೊತ್ತು ನಮ್ಮ ಮನೆಯ ಒಲೆ ಹೊತ್ತಿದ್ದು ಹಮ್ಸಿಯಾಳ ಗಂಜಿಗೆ ಮಾತ್ರ. ಉಪವಾಸವಿದ್ದ ಅಮ್ಮ ಅದನ್ನು ಕಾಯಿಸಿ, ಸೋಸಿ, ಆರಿಸಿ ಕೊಡುತ್ತಿದ್ದಳು. ಓವನ್ನಿನ ಮುಂದೆ ಹಬ್ಬದ ಕೇಕುಗಳ ಕೆಲಸ ಜೋರಾಗಿತ್ತು. ರುಚಿ ನೋಡುವ ನಾಲಿಗೆ ಮಾತ್ರ ನನ್ನದಾಯಿತು. ಸಂಜೆ ಉಪವಾಸ ಮುರಿದ ಕೂಡಲೇ ಹಮ್ಸಿಯಾ ತೆಳ್ಳಗೆ ಕತ್ತರಿಸಿದ ಅಂಚೊಂದನ್ನು ಹಿಡಿದು ನಿಲ್ಲುತ್ತಿದ್ದಳು.

"ಹೇಗಿದೆ?"

"ಚೆನ್ನಾಗಿದೆ."

"ಚೆನ್ನಾಗಿದೆ ಅಂತ ಎಮ್ಮೆನೂ ಹೇಳತ್ತೆ. ಬೆಣ್ಣೆ ಮೊದಲು ಬರತ್ತಾ, ಹಾಲು ಮೊದಲು ಬರತ್ತಾ? ಸುಟ್ಟ ಪದರ ನಾಲಿಗೆಗೆ ಕಹಿ ತಾಗತ್ತಾ?"

"ಸ್ವಲ್ಪ... ತಾಗತ್ತೆ?"

"ನನ್ನ ಕೇಳಿದ್ರೆ? ನಿಮ್ಮ ಬಾಯಲ್ಲಿ ತಾನೆ ಇರೋದು!"

ಆ ತಿಂಗಳು ಊರೆಲ್ಲ ಉಪವಾಸವಿದ್ದು ತೆಳ್ಳಗಾದರೆ ನಾನು ದಪ್ಪಗಾದೆ. ನಾನು ಅಗಿಯುವಾಗ ಹಮ್ಸಿಯಾಳ ಗಂಟಲು ಕೂಡ ಅಲ್ಲಾಡುತ್ತಿತ್ತು. ಅಮ್ಮ ಅದನ್ನು ಕಂಡಾಗಲೆಲ್ಲ ಎದ್ದು ಬಂದು, ಕೇಕಿಗೊಂದು ಬೆರಳು, ಸೊಸೆಯ ಕೊರಳಿಗೊಂದು ಬೆರಳು ಇಟ್ಟು ಹೋಗಿ ಕೂರುತ್ತಿದ್ದಳು. ತಿಂಗಳ ಕೊನೆಯ ಹೊತ್ತಿಗೆ ಹಮ್ಸಿಯಾ ಮಸ್ನಾ ಮನೆಯ ಅದೇ ಕೋಳಿಯ ಮೊಟ್ಟೆ ತಿಂದು ಅರಗಿಸಿಕೊಂಡಳು. ಹೊಟ್ಟೆ ಹಿಂಡಲಿಲ್ಲ, ರಕ್ತ ಬರಲಿಲ್ಲ. ಅಮ್ಮ ಕೋಳಿಯ ಬಗ್ಗೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಒಂದು ಹಿಡಿ ಅಕ್ಕಿಯನ್ನಂತೂ ಅದಕ್ಕೆ ಹಾಕಿ ಬಂದಳು.

ಈಗ ಹಬ್ಬದ ದಿನವನ್ನು ದಾಟಿಸುವುದೊಂದು ಬಾಕಿ. ನಮ್ಮಲ್ಲಿ ರಾಯ ಹಬ್ಬವೆಂದರೆ ಮನೆ ಮನೆಗೂ ಹೋಗಿ ಕೂತು ತಿಂದು ಕ್ಷಮೆ ಕೇಳಿ ಬರುವುದು. "ಈ ವರ್ಷ ನಾನು ಮನೇಲೇ ಇರ್ತೀನಿ. ನೀವಿಬ್ರೂ ಹೋಗಿ ಬನ್ನಿ" ಅಂದಳು ಹಮ್ಸಿಯಾ.

"ಮೂಲೇಲಿ ಕೂರೋಕೆ ನೀನೇನು ತಪ್ಪು ಮಾಡಿದೀಯ? ಎದ್ದು ಹೊಸ ಬಟ್ಟೆ ಹಾಕ್ಕೋ. ನನ್ನ ಬೆರಳು ಜೊತೇಲಿರತ್ತೆ" ಎಂದಳು ಅಮ್ಮ.

ಮೆರವಣಿಗೆ ಹೊರಟಿತು. ಮುಂದೆ ಅಮ್ಮ, ಹಿಂದೆ ಹಳದಿ ಬಟ್ಟೆಯಲ್ಲಿ ಹಮ್ಸಿಯಾ, ಅವಳ ಹಿಂದೆ ಇಬ್ಬರ ಪಾಲನ್ನೂ ತಿನ್ನಲು ನಾನು. ಮಸ್ನಾಳ ಮನೆಯಲ್ಲಿ ಕಾಲಿಟ್ಟ ಕೂಡಲೇ ಅವಳು ಕೆನ್ನೆಯುಬ್ಬಿಸಿ ನಗುತ್ತಾ ಮುಚ್ಚಿದ ಬಟ್ಟಲೊಂದನ್ನು ತಂದಿಟ್ಟಳು. "ಹಮ್ಸಿಯಾ, ನಿಂಗೇ ಅಂತ ಮಾಡಿದೀನಿ. ಗಂಜಿ! ಇವತ್ತು ನಮ್ಮನೇಲೂ ಬಾಯಾಡಿಸ್ಬೇಕು ನೀನು."

ಹಮ್ಸಿಯಾಳ ಮುಖ ಅರಳಿತು. ಚಮಚಕ್ಕೆ ಕೈ ಹಾಕಿದಳು. ಅಮ್ಮ ಆ ಕೈಯನ್ನು ಹಿಡಿದು ನಿಲ್ಲಿಸಿ, ಬಟ್ಟಲನ್ನು ತನ್ನ ಕಡೆ ಎಳೆದುಕೊಂಡು ಒಂದು ಚಮಚ ರುಚಿ ನೋಡಿದಳು.

"ಶುಂಠಿ ಹಾಕಿದೀಯ."

"ಒಂದು ಚೂರು. ಹೊಟ್ಟೆಗೆ ಒಳ್ಳೇದಲ್ವಾ?"

"ಕೋಳಿ ಸಾರು ಹಾಕಿದೀಯ."

"ಬರೀ ನೀರಲ್ಲಿ ಬೇಯಿಸಿ ಹೆಂಗಜ್ಜಿ ಕೊಡೋದು, ಹಬ್ಬದ ದಿನ?"

"ಅಡೀಲಿ ಹುರಿದ ಈರುಳ್ಳಿ ಬಚ್ಚಿಟ್ಟಿದೀಯ!"

"ಅಯ್ಯೋ ಅಜ್ಜಿ, ಮನೆಗೆ ಬಂದೋರ ಮುಂದೆ ಬೋಳು ಗಂಜಿ ಇಟ್ರೆ ಜನ ನನ್ನ ಏನಂದ್ಕೋತಾರೆ?"

"ಇದು ಗಂಜಿ ಅಲ್ಲ ಕಣೆ, ಮದುವೆ ಊಟ" ಎಂದ ಅಮ್ಮ ಬಟ್ಟಲಿಗೆ ಬೆರಳು ತಾಗಿಸಿ ಹಮ್ಸಿಯಾಳ ಕೊರಳಿಗೆ ಒತ್ತಿದಳು. ಮಸ್ನಾಳ ಮುಖ ಸಣ್ಣದಾಯಿತು. ಅಮ್ಮ ಅದನ್ನೂ ನೋಡಿ, ಬಟ್ಟಲನ್ನು ಎತ್ತಿ ಕೊನೆಯ ಈರುಳ್ಳಿಯವರೆಗೆ ತಾನೇ ಕುಡಿದು ಮುಗಿಸಿದಳು.

ಆಮೇಲೆ ಗೊತ್ತಾಯಿತು, ಕೇರಿಯವರೆಲ್ಲ ಮಾತಾಡಿಕೊಂಡಂತೆ ಮನೆಮನೆಯಲ್ಲೂ ಹಮ್ಸಿಯಾಳಿಗೆಂದು ಗಂಜಿ ಕಾಯುತ್ತಿತ್ತು. ವರ್ಷಾ ವರ್ಷಾ ತಮ್ಮ ಮೇಜಿಗೆಲ್ಲ ಕೇಕು ಕೊಟ್ಟವಳು ತಮ್ಮ ಮನೆಯಲ್ಲಿ ಬರಿಬಾಯಲ್ಲಿ ಕೂರಬಾರದು ಅಂತ. ಎಂಥ ಜನ ನೋಡಿ. ಆದರೆ ಬೋಳು ಗಂಜಿ ಬಡಿಸುವ ಧೈರ್ಯ ಒಬ್ಬರಿಗೂ ಇರಲಿಲ್ಲ. ಒಬ್ಬಳು ತೆಂಗಿನ ಹಾಲು ಹಾಕಿದ್ದಳು, ಇನ್ನೊಬ್ಬಳು ಒಣ ಸೀಗಡಿ. ಒಂದು ಮನೆಯಲ್ಲಂತೂ ಗಂಜಿಯ ಮೇಲೆ ಕೆಂಪು ಮೆಣಸಿನಕಾಯಿಯ ಹೂವು ಅರಳಿತ್ತು, "ಅದು ಬರೀ ಅಂದಕ್ಕೆ" ಅಂದರು. ಪ್ರತಿ ಮನೆಯಲ್ಲೂ ಅಮ್ಮನ ಬೆರಳು ಹೋಗಿಬಂತು. ಸಂಜೆ ಮನೆಗೆ ಮರಳುವ ಹೊತ್ತಿಗೆ ಹಮ್ಸಿಯಾಳ ಕೊರಳು ಇಡೀ ಕೇರಿಯ ಅಡುಗೆಮನೆಯ ವಾಸನೆ ಹೊಡೆಯುತ್ತಿತ್ತು. ಎರಡು ಬೆಕ್ಕುಗಳು ಬೆನ್ನು ಹತ್ತಿ ಬಂದವು.

"ನೆಕ್ಕಿಸ್ಕೋ ಹೋಗು" ಎಂದು ನಾನು ಅಂದದ್ದಕ್ಕೆ ಅವಳು ನಕ್ಕಳು ನೋಡಿ, ಗೋಡೆ ಹಿಡಿದು ಬಗ್ಗಿ ನಕ್ಕಳು. ಅಮ್ಮನೂ ನಕ್ಕಳು. ಒಬ್ಬರ ಹೆಗಲನ್ನು ಒಬ್ಬರು ಹಿಡಿದುಕೊಂಡಿದ್ದರು. ಆಸ್ಪತ್ರೆಯಲ್ಲಿ ಏನೇ ಬರಲಿ, ಇದೊಂದನ್ನು ನೋಡಿದೆನಲ್ಲ ಅನ್ನಿಸಿತು ನನಗೆ.

ಪರೀಕ್ಷೆಯ ದಿನ ಅಮ್ಮನೂ ದೋಣಿ ಹತ್ತಿದಳು. ಅಪ್ಪ ಹೋದ ಮೇಲೆ ಅವಳು ಹೊಳೆ ದಾಟುವುದಿದ್ದರೆ ಸುತ್ತಿಕೊಂಡು ಸೇತುವೆಯ ಮೇಲೆ ಬಸ್ಸಿನಲ್ಲಿ ಹೋಗುತ್ತಿದ್ದಳು. ಅವತ್ತು ಒಂದು ಕೈಯಲ್ಲಿ ಸೊಸೆಯ ಮಣಿಕಟ್ಟು, ಇನ್ನೊಂದರಲ್ಲಿ ದೋಣಿಯ ಅಂಚು ಹಿಡಿದು, ಕಣ್ಣು ಮುಚ್ಚಿ ಕೂತೇ ದಾಟಿದಳು.

ಕ್ಯಾಮೆರಾ ನೋಡಿ ಹೊರಬಂದ ಡಾಕ್ಟರಮ್ಮ ಮುಖದಲ್ಲೇ ಉತ್ತರ ತಂದಿದ್ದರು. "ಹುಣ್ಣು ಮಾಯ್ತಾ ಇದೆ. ಕತ್ತರಿಸೋದು ಬೇಡ. ಔಷಧಿ ನಿಲ್ಲಿಸ್ಬೇಡಿ, ಏಣಿಯಿಂದ ಹಾರ್ಬೇಡಿ." ಆಮೇಲೆ ಹಮ್ಸಿಯಾಳ ಕಡೆ ನೋಡಿ, "ಹೊಸದೊಂದು ಪದಾರ್ಥ ಶುರು ಮಾಡಿ. ಬೇಯಿಸಿದ ಹಣ್ಣಾದ್ರೂ ಆಗ್ಬಹುದು, ಬೆರಳು ದಪ್ಪ ನಿಮ್ಮ ಕೇಕಾದ್ರೂ ಆಗ್ಬಹುದು. ಎರಡರಲ್ಲಿ ಒಂದೇ, ಸರೀನಾ? ಇನ್ನೊಂದಕ್ಕೆ ಕಾಯ್ಬೇಕು."

ಇನ್ನು ಕೇಳಬೇಕೆ. ನಾನು ದೋಣಿಯನ್ನು ಓಡಿಸಿದ ವೇಗಕ್ಕೆ ಪೇಟೆ ದಡದವರೆಲ್ಲ ತಿರುಗಿ ನೋಡಿದರು. ಹಬ್ಬಕ್ಕೆ ಮಾಡಿದ ಕೇಕಿನಲ್ಲಿ ಒಂದು ತುಂಡನ್ನು ಡಬ್ಬಿಯಲ್ಲಿ ಎತ್ತಿಟ್ಟಿದ್ದೆ. ಮನೆ ಸೇರಿದವನೇ ಬೆರಳು ದಪ್ಪ ಕತ್ತರಿಸಿ, ಒಳ್ಳೆಯ ತಟ್ಟೆಯಲ್ಲಿಟ್ಟು ಹಮ್ಸಿಯಾಳ ಮುಂದೆ ತಂದಿಟ್ಟೆ. ಪದರಗಳು ಒಂದರ ಮೇಲೊಂದು ಗೆರೆ ಎಳೆದಂತೆ ಕೂತಿದ್ದವು. ಹಮ್ಸಿಯಾ ಅದನ್ನು ಬಹಳ ಹೊತ್ತು ನೋಡಿದಳು. ಬೆಣ್ಣೆಯ ವಾಸನೆಯನ್ನು ಎಳೆದುಕೊಂಡಳು. ಆಮೇಲೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಅಮ್ಮ, ಬೆಳಗಿನ ಬಾಳೆಹಣ್ಣು ಇದೆಯಾ?"

ಅಮ್ಮನಿಗೆ ಅರ್ಥವಾಗಲಿಲ್ಲ. "ಇದೆ, ಆರಿ ತಣ್ಣಗಾಗಿದೆ. ಮುಟ್ಟೋಕಾ? ಈಗ ಕೇಕ್ ತಿನ್ನು, ಅದನ್ನ ನಾಳೆ ಮುಟ್ತೀನಿ ಬಿಡು."

"ಮುಟ್ಟೋಕಲ್ಲ. ತಿನ್ನೋಕೆ."

"ಹುಚ್ಚಾ ನಿಂಗೆ? ಎಷ್ಟು ತಿಂಗಳಿಂದ ಆ ಕೇಕಿಗೆ ಬಾಯಿ ಬಿಟ್ಕೊಂಡಿದೀಯ!"

"ನೀವು ಅಷ್ಟೇ ತಿಂಗಳಿಂದ ನನ್ನ ಮುಂದೆ ಇದನ್ನ ಇಡ್ತಾ ಬಂದಿದೀರಲ್ಲಮ್ಮ. ಇಟ್ಟಿದ್ದನ್ನ ತಿನ್ನೋರು ಬೇಡ್ವಾ?"

ಅಮ್ಮ ಎದ್ದು ಹೋಗಿ ತಟ್ಟೆ ತಂದಳು. ಹಮ್ಸಿಯಾ ಕಪ್ಪಾಗಿದ್ದ ಸಿಪ್ಪೆ ಸುಲಿದು, ಹಣ್ಣನ್ನು ಎರಡು ಮಾಡಿ, ಅರ್ಧವನ್ನು ನಿಧಾನವಾಗಿ ತಿಂದಳು. ಇನ್ನರ್ಧವನ್ನು ಅಮ್ಮನ ಕಡೆ ಚಾಚಿದಳು.

"ನಂಗೆ ಅರ್ಧ ಸಾಕು. ಇದು ನಿಮಗೆ."

"ನಂಗದು ಸೇರಲ್ಲ."

"ಮುಟ್ಟದೆ ಬಿಡೋ ಹಾಗಿಲ್ವಲ್ಲಮ್ಮ, ಈ ಮನೇಲಿ."

ಅಮ್ಮ ನನ್ನ ಕಡೆ ನೋಡಿದಳು. ನಾನು ಮಾಡಿನ ಕಡೆ ನೋಡಿದೆ. ಕಾನೂನಿನ ಪ್ರಕಾರ ಅವಳು ಬೆರಳು ಚಾಚಿ ಹಣ್ಣಿಗೆ ತಾಗಿಸಿ ತುಟಿಗೆ ಒತ್ತಿಕೊಂಡಳು. ಅಲ್ಲಿಗೆ ಮುಗಿಸಬಹುದಿತ್ತು. ಹಮ್ಸಿಯಾ ಚಾಚಿದ ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ. ಅಮ್ಮ ಆ ತುಂಡನ್ನು ತೆಗೆದುಕೊಂಡು ಬಾಯಿಗೆ ಹಾಕಿಕೊಂಡಳು. ಅಪ್ಪ ಹೋದ ಬೆಳಗಿನಿಂದ ಅವಳು ಆ ಹಣ್ಣು ತಿಂದದ್ದು ಅದೇ ಮೊದಲು. ಅಗಿಯುತ್ತಾ ಅಗಿಯುತ್ತಾ ಅವಳ ಕಣ್ಣಲ್ಲಿ ನೀರು ಇಳಿಯತೊಡಗಿತು, ಒರೆಸಿಕೊಳ್ಳಲೂ ಇಲ್ಲ.

"ಜಾಸ್ತಿ ಬೆಂದಿದೆ" ಅಂದಳು ನುಂಗಿದ ಮೇಲೆ. "ಅವರಿಗೆ ಹೀಗಿದ್ರೇ ಇಷ್ಟ."